ಅಪ್‌ಡೇಟ್: ಮಲೆನಾಡಿನ ಮಳೆಗಾಲದಲ್ಲಿ ಚೀಸ್ ಕೆಡದಂತೆ ಇಡುವುದು

ಶಿವಮೊಗ್ಗದಿಂದ ಒಂದು ಕಿಲೋ ಚೀಸ್ ಬ್ಲಾಕನ್ನು ಒಟ್ಟಿಗೆ ತಂದರೆ ಉಳಿತಾಯವಾಗುತ್ತದೆಯೇ, ತೀರ್ಥಹಳ್ಳಿಯ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯದಂತೆ ಇಡುವುದು ಹೇಗೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಿಮ್ಮ ಸಲಹೆಯಂತೆ ಪೊಟ್ಟಣದ ಬೆಲೆಗೆ ಬದಲಾಗಿ 100 ಗ್ರಾಂಗೆ ಬೀಳುವ ದರವನ್ನು ಹೋಲಿಸಿದಾಗ, ನಾವು ಹೋಗುವ ಅಂಗಡಿಯಲ್ಲಿ ಸ್ಲೈಸ್ ಮತ್ತು ತುರಿದ ಚೀಸ್‌ಗಿಂತ ಬ್ಲಾಕ್ ಸ್ಪಷ್ಟವಾಗಿ ಅಗ್ಗವಾಗಿತ್ತು.

ಈಗ ಬ್ಲಾಕನ್ನು ತಂದ ದಿನವೇ ಒಣಗಿದ ಚಾಕುವಿನಿಂದ ಕತ್ತರಿಸಿ, ವಾರಕ್ಕೆ ಬೇಕಾಗುವ ತುಂಡನ್ನು ಬಟರ್ ಪೇಪರ್‌ನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಭಾಗದಲ್ಲಿ ಇಡುತ್ತೇವೆ. ಇಲ್ಲಿನ ಗಾಳಿಯ ತೇವ ಎಷ್ಟೆಂದರೆ, ಚೀಸನ್ನು ಮೇಜಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೂ ಮೈಮೇಲೆ ನೀರಹನಿ ಮೂಡುತ್ತದೆ. ಅದನ್ನು ಒರೆಸದೆ ಸುತ್ತಿಟ್ಟರೆ ಬೂಷ್ಟಿಗೆ ಅಷ್ಟೇ ಸಾಕು. ಉಳಿದುದನ್ನು ತುರಿದು, ಒಂದು ಸಲಕ್ಕೆ ಬೇಕಾಗುವಷ್ಟನ್ನೇ ಚಿಕ್ಕ ಚೀಲಗಳಿಗೆ ತುಂಬಿ, ಗಾಳಿ ಹೊರದೂಡಿ ಫ್ರೀಜರ್‌ಗೆ ಹಾಕುತ್ತೇವೆ. ಹೆಪ್ಪುಗಟ್ಟಿದ ಚೀಸ್ ಕರಗಿದ ಮೇಲೆ ಪುಡಿಪುಡಿಯಾಗುವುದರಿಂದ ಹಾಗೆಯೇ ತಿನ್ನಲು ಹಿತವಲ್ಲ, ಆದರೆ ದೋಸೆಗೂ ಟೋಸ್ಟಿಗೂ ಏನೂ ಕೊರತೆಯಿಲ್ಲ.

ಗಾಳಿಮಳೆಗೆ ಕರೆಂಟು ಹೋದಾಗ ಫ್ರೀಜರ್ ಬಾಗಿಲನ್ನು ತೆರೆಯುವುದೇ ಇಲ್ಲ. ಖಾಲಿ ಫ್ರೀಜರ್‌ಗಿಂತ ತುಂಬಿದ ಫ್ರೀಜರ್ ಹೆಚ್ಚು ಹೊತ್ತು ತಂಪನ್ನು ಹಿಡಿದಿಡುತ್ತದೆ.

ಬೂಷ್ಟು ಬಂದ ಚೀಸನ್ನು ಎಸೆಯಬೇಕೇ ಎಂದು ಒಬ್ಬರು ಕೇಳಿದ್ದರು. ಚೆಡ್ಡಾರ್‌ನಂತಹ ಗಟ್ಟಿ ಚೀಸ್ ಆದರೆ ಬೂಷ್ಟಿನ ಸುತ್ತಲೂ ಅಡಿಯಲ್ಲೂ ಸುಮಾರು 2.5 ಸೆಂ.ಮೀ. ಕತ್ತರಿಸಿ ತೆಗೆದು, ಚಾಕು ಬೂಷ್ಟಿಗೆ ತಾಗದಂತೆ ನೋಡಿಕೊಂಡು ಉಳಿದುದನ್ನು ಬಳಸಬಹುದು. ಮೆತ್ತನೆಯ, ತುರಿದ ಅಥವಾ ಸ್ಲೈಸ್ ಚೀಸ್ ಆದರೆ ಪೂರ್ತಿಯಾಗಿ ಎಸೆಯಲೇಬೇಕು.