ಎರಡನೇ ಬ್ಯಾಟರಿಯೂ ಕೈ ಕೊಟ್ಟಿತು. ವಾರಂಟಿ ಕೇಳಲೋ, ಕಾರನ್ನೇ ನೋಡಲೋ?

ಮುಂಜಾವು:
ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಬ್ಯಾಟರಿ 12 ವೋಲ್ಟ್, 35 ಆಂಪಿಯರ್-ಅವರ್‌ನದು (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಮೂರ್ನಾಲ್ಕು ಸಲ ಬೇರೆ ಬ್ಯಾಟರಿಗೆ ವೈರ್ ಹಾಕಿ ಜಂಪ್ ಸ್ಟಾರ್ಟ್ ಮಾಡಿಸಿಕೊಂಡು 11 ತಿಂಗಳಿಗೇ ಕೈ ಕೊಟ್ಟಿತು. ವಾರಂಟಿಯಲ್ಲಿ ಬೇರೆ ಕೊಟ್ಟರು. ಆರು ತಿಂಗಳಾಯಿತು, ಈಗ ಇದೂ ಅದೇ ದಾರಿ ಹಿಡಿದಿದೆ. ಮೊನ್ನೆ ಬೆಳಗಿನ ಜಾವ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಕೀ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಸದ್ದು, ಮೀಟರಿನ ದೀಪಗಳೆಲ್ಲ ಮಂಕಾದವು. ಅಮ್ಮ ರಿಪೋರ್ಟಿನ ಫೈಲು ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದರು. ಆ ಸಂಕಟ ಇನ್ನೂ ಹೋಗಿಲ್ಲ.

ಅಂಗಡಿಯವರು ರಾತ್ರಿಯಿಡೀ ಚಾರ್ಜಿಗೆ ಹಾಕಿ, ತೆಗೆದ ಕೂಡಲೇ ಮೀಟರ್ ಹಿಡಿದು "12.9 ವೋಲ್ಟ್ ಇದೆ, ಏನೂ ತೊಂದರೆ ಇಲ್ಲ" ಅಂತ ವಾಪಸ್ ಕೊಟ್ಟರು. ಕಾರ್ಡಿನ ಪ್ರಕಾರ 36 ತಿಂಗಳ ವಾರಂಟಿ. ಮೊದಲ 18 ತಿಂಗಳು ಮಾತ್ರ ಪೂರ್ತಿ ಉಚಿತ. ಅದು ಮುಗಿಯಲು ಇನ್ನೊಂದೇ ತಿಂಗಳು. ಪಟ್ಟು ಹಿಡಿಯಬೇಕಾ?

ಹಳೇ ಸ್ಪ್ಯಾನರ್:
ಚಾರ್ಜರ್‌ನಿಂದ ಆಗಷ್ಟೇ ತೆಗೆದ ಬ್ಯಾಟರಿ ಯಾವಾಗಲೂ ಜಾಸ್ತಿನೇ ತೋರಿಸುತ್ತದೆ. ಆ 12.9 ನಂಬಬೇಡಿ. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ನೋಡಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ ಖಾಲಿ, 11.8ಕ್ಕೆ ಇಳಿದಿದ್ದರೆ ಪೂರ್ತಿ ಖಾಲಿ. ಲೋಡ್ ಟೆಸ್ಟ್ (ಜೋರಾಗಿ ಕರೆಂಟ್ ಎಳೆದು ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡುವುದು) ಮಾಡಿಸದೆ ಚೆನ್ನಾಗಿದೆ ಅಂತ ಯಾರೂ ಹೇಳಬಾರದು.

ಆದರೆ ಎರಡು ಬ್ಯಾಟರಿ ಒಂದೇ ಥರ ಸತ್ತರೆ ನನಗೆ ಅನುಮಾನ ಬರುವುದು ಗಾಡಿಯ ಮೇಲೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಬರುತ್ತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿ ಇದೆ. ಆಮೇಲೆ ಗಾಡಿ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸೇರಿಸಿ. ಅರ್ಧ ಗಂಟೆ ಕಾಯಿರಿ, ಗಾಡಿಯೊಳಗಿನ ಕಂಪ್ಯೂಟರುಗಳೆಲ್ಲ ಮಲಗಬೇಕು. ಆಫ್ ಆದ ಗಾಡಿ ಎಳೆಯುವ ಕರೆಂಟ್ 0.05 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಮೀಟರ್ ಸೇರಿಸಿಟ್ಟು ಮಾತ್ರ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಕಾರ್ಡ್ ಓದುವವ:
ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಬ್ಯಾಟರಿಯೊಳಗಿನ ಆರು ಸೆಲ್‌ಗಳಲ್ಲಿ ಒಂದು ಸತ್ತಿದ್ದರೆ ಎಷ್ಟು ಚಾರ್ಜ್ ಮಾಡಿದರೂ 10.5ರ ಹತ್ತಿರವೇ ನಿಲ್ಲುತ್ತದೆ. ಆಗ ಧೈರ್ಯವಾಗಿ ಕೇಳಿ, ಟೆಸ್ಟ್ ರಿಪೋರ್ಟನ್ನು ಬರಹದಲ್ಲಿ ತಗೊಳ್ಳಿ. ಪೂರ್ತಿ ಖಾಲಿ ಆಗಿ ಕೆಟ್ಟಿದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ.

ಮುಂಜಾವು:
ಸಿಕ್ಕಿತು! ಆಲ್ಟರ್ನೇಟರ್ 14.2, ಸರಿಯಾಗಿದೆ. ಮೀಟರ್ ಸೇರಿಸಿ ಕಾದೆ. 0.03. ಬೇಜಾರಾಗಿ ಸ್ಪ್ಯಾನರುಗಳನ್ನು ಡಿಕ್ಕಿಯಲ್ಲಿಟ್ಟು ಬಾಗಿಲು ಹಾಕಿ ಬಂದೆ. ಮತ್ತೆ ಅರ್ಧ ಗಂಟೆ ಬಿಟ್ಟು ನೋಡಿದರೆ 0.45! ಫೋನಿನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಬಾಗಿಲು ಹಾಕಿದೆ. ತೆಗೆದು ನೋಡಿದರೆ, ಡಿಕ್ಕಿ ಮುಚ್ಚಿದ್ದರೂ ಅದರೊಳಗಿನ ಸಣ್ಣ ಲೈಟು ಆರಾಮಾಗಿ ಉರಿಯುತ್ತಿದೆ. ಬಾಗಿಲು ಹಾಕಿದಾಗ ಲೈಟು ಆರಿಸುವ ಸ್ವಿಚ್ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತಿದೆ. ಅದಕ್ಕೇ ತಿಂಗಳಿಗೊಮ್ಮೆ ಮಾತ್ರ ಕಾಟ.

ಹಳೇ ಸ್ಪ್ಯಾನರ್:
5 ವ್ಯಾಟಿನ ಬಲ್ಬ್ ಇರಬೇಕು. 0.45 ಅಂದರೆ ದಿನಕ್ಕೆ ಸುಮಾರು 11 ಆಂಪಿಯರ್-ಅವರ್. ಮೂರು ದಿನ ನಿಲ್ಲಿಸಿದರೆ ನಿಮ್ಮ 35 ಬಹುತೇಕ ಮುಗಿಯಿತು. ಖಾಲಿ ಬಿಟ್ಟ ಬ್ಯಾಟರಿಯೊಳಗೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ತುಂಬಿದರೂ ಮೊದಲಿನಷ್ಟು ಹಿಡಿಯುವುದಿಲ್ಲ. ಹತ್ತು ನಿಮಿಷ ಓಡಿಸಿದರೆ ತುಂಬುವುದೂ ಇಲ್ಲ. ಬಲ್ಬ್ ತೆಗೆದುಬಿಡಿ. ಗಾಳಿ ಆಡುವ ಜಾಗದಲ್ಲಿಟ್ಟು 3.5 ಆಂಪಿಯರ್‌ನಲ್ಲಿ ನಿಧಾನವಾಗಿ ಚಾರ್ಜ್ ಮಾಡಿ, ಒಂದು ದಿನ ಬಿಟ್ಟು ಲೋಡ್ ಟೆಸ್ಟ್ ಮಾಡಿಸಿ. 15 ಸೆಕೆಂಡ್ ಲೋಡ್ ಕೊಟ್ಟಾಗ 9.6 ವೋಲ್ಟಿಗಿಂತ ಕೆಳಗೆ ಹೋಗಬಾರದು.

ಮುಂಜಾವು:
ಟೆಸ್ಟ್ ಆಯಿತು. 10.1ರಲ್ಲಿ ನಿಂತಿತು. ವಾರಂಟಿ ಕೇಳಲಿಲ್ಲ, ತಪ್ಪು ಬ್ಯಾಟರಿಯದಲ್ಲ ಅಲ್ವಾ. ಅಂಗಡಿಯವರಿಗೂ ಲೈಟಿನ ವಿಷಯ ಹೇಳಿ ಬಂದೆ. ಎರಡು ದಿನ ನಿಲ್ಲಿಸಿ ಇವತ್ತು ಬೆಳಗ್ಗೆ ನೋಡಿದರೆ 12.5 ಇದೆ. ಗುರುವಾರ ಅಮ್ಮನ ಮುಂದಿನ ಚೆಕಪ್. ಹಿಂದಿನ ರಾತ್ರಿ ಇನ್ನೊಮ್ಮೆ ಮೀಟರ್ ಹಿಡಿದೇ ಮಲಗುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.