ನಾಲ್ಕು ಚಕ್ರಕ್ಕೂ ಎಳೆತವಿರುವ ದೊಡ್ಡ ವ್ಯಾನು: ಮೊದಲು ಎಂಜಿನ್ನೋ, ಗೇರೋ?

ಮಣ್ಣುಪರೀಕ್ಷೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹಳೆಯ ಟಿಟಿಯೊಂದರಲ್ಲಿ (ಟೆಂಪೋ ಟ್ರಾವೆಲರ್ ವ್ಯಾನು) ಮಣ್ಣು ಮತ್ತು ನೀರು ಪರೀಕ್ಷಿಸುವ ಸಣ್ಣ ಪ್ರಯೋಗಾಲಯ ಕಟ್ಟಿಕೊಂಡು ಸಿರುಗುಪ್ಪ, ಸಿಂಧನೂರು, ಮಸ್ಕಿ ಕಡೆಯ ಹೊಲಗಳಿಗೂ, ತಿಂಗಳಿಗೊಮ್ಮೆ ಸಂಡೂರಿನ ಗುಡ್ಡದ ಊರುಗಳಿಗೂ ಹೋಗುತ್ತೇವೆ. ಸಾಮಾನು, ನೀರಿನ ಟ್ಯಾಂಕು, ಐದು ಜನ ಸೇರಿದರೆ ತೂಕ 4 ಟನ್ನಿಗೆ ಬರುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಎಳೆತ ಇರುವುದರಿಂದ ಮಳೆಗಾಲದಲ್ಲಿ ಯಾರದಾದರೂ ಟ್ರ್ಯಾಕ್ಟರ್‌ಗೆ ಕಾಯದೆ ಮನೆಗೆ ಬಂದ ದಿನ ಕಡಿಮೆ. ಈಗ ಮುಂದಿನ ಹೌಸಿಂಗ್ (ಚಕ್ರದ ಅಚ್ಚು, ಅದರ ಗೇರು ಕೂತಿರುವ ಕವಚ), ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಪೆಟ್ಟಿಗೆ) ಕೂರಿಸಿ ನಾಲ್ಕು ಚಕ್ರಕ್ಕೂ ಎಳೆತ ಕೊಡಿಸುವ ಯೋಚನೆ ಇದೆ.

ಅಮೆರಿಕದಲ್ಲಿರುವ ನನ್ನ ಸೋದರಮಾವನ ಮಗನ ಬಳಿ ಇಂಥದೇ ಬದಲಾವಣೆ ಮಾಡಿಸಿದ ಫೋರ್ಡ್ ಇ-350 ವ್ಯಾನ್ ಇದೆ. 6.8 ಲೀಟರಿನ ವಿ-10 ಪೆಟ್ರೋಲ್ ಎಂಜಿನ್, 305 ಅಶ್ವಶಕ್ತಿ. "ಎಂಜಿನ್ನಿಗೆ ಕಸುವಿಲ್ಲದಿದ್ದರೆ ಉಳಿದದ್ದೆಲ್ಲ ದಂಡ" ಎಂದು ಅವನು ಹೇಳುತ್ತಾನೆ. ನಮ್ಮ 2.6 ಲೀಟರ್ ಡೀಸೆಲ್ಲಿನ ಶಕ್ತಿ ನೂರರ ಒಳಗೇ ಇದೆ. ಕೈಯಲ್ಲಿರುವ ದುಡ್ಡು ಒಂದು ಕೆಲಸಕ್ಕೆ ಸಾಲುತ್ತದೆ: 2024ರ ಗೂರ್ಖಾ ಜೀಪಿನಲ್ಲಿ ಬರುವ 140 ಅಶ್ವಶಕ್ತಿಯಂಥ ಎಂಜಿನ್, ಇಲ್ಲವೇ ಲೋ ಗೇರ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರು) ಇರುವ ಒಳ್ಳೆಯ ಟ್ರಾನ್ಸ್‌ಫರ್ ಕೇಸ್ ಮತ್ತು ಕ್ರೌನ್ ಪಿನಿಯನ್ (ಶಾಫ್ಟಿನಿಂದ ಚಕ್ರದ ಅಚ್ಚಿಗೆ ಎಳೆತ ದಾಟಿಸುವ ಕೊನೆಯ ಗೇರು ಜೋಡಿ). ಯಾವುದು ಮೊದಲು?

ಸಂಡೂರು ಏರು

ಸರ್, ನಿಮ್ಮ ಬಂಧುಗಳ ಮಾತಿನಲ್ಲಿ ಹುರುಳಿದೆ. ನಾನು ಹನ್ನೊಂದು ವರ್ಷ ಗಣಿ ಸಿಬ್ಬಂದಿಯನ್ನು ಹೊತ್ತು ಈ ಗುಡ್ಡಗಳಲ್ಲಿ ಗಾಡಿ ಓಡಿಸಿದವನು. ತುಂಬಿದ ವ್ಯಾನು ಅದಿರಿನ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತ, ಓವರ್‌ಟೇಕ್ ಮಾಡಲು ಎದೆಗಾರಿಕೆ ಸಾಲದೆ, ಉಷ್ಣಾಂಶದ ಮುಳ್ಳು ನೋಡುತ್ತ ಕೂರುವ ಸಂಕಟ ಹೊಲದಲ್ಲಿ ಹುಗಿದುಕೊಳ್ಳುವ ಸಂಕಟಕ್ಕಿಂತ ಕಡಿಮೆಯದಲ್ಲ. ವರ್ಷಕ್ಕೆ ಎಷ್ಟು ದಿನ ಕೆಸರು, ಎಷ್ಟು ದಿನ ಡಾಂಬರು ಎಂದು ಒಮ್ಮೆ ಎಣಿಸಿ ನೋಡಿ.

ಕೊಪ್ಪಳದ ಮೇಷ್ಟ್ರು

ಎಣಿಸುವುದಾದರೆ ಪೂರ್ತಿ ಎಣಿಸೋಣ. ನಾಲ್ಕಡಿ ಸಾಗಿದರೆ ಒಂದಡಿ ಏರುವ ಕಲ್ಲುದಾರಿಯಲ್ಲಿ 4 ಟನ್ ಗಾಡಿಯನ್ನು ತಡೆದು ನಿಲ್ಲಿಸುವುದಕ್ಕೇ ಸುಮಾರು 9,500 ನ್ಯೂಟನ್ ಬಲ ಬೇಕು. ಚಕ್ರದ ತ್ರಿಜ್ಯ 36 ಸೆಂಟಿಮೀಟರ್ ಎಂದರೆ ಚಕ್ರಗಳಲ್ಲಿ ಬೇಕಾದ ಟಾರ್ಕು, ಅಂದರೆ ತಿರುಗಿಸುವ ಬಲ, 3,400 ನ್ಯೂಟನ್ ಮೀಟರ್. ಕ್ಲಚ್ ಬಿಡುವ ಹೊತ್ತಿಗೆ, ಅಂದರೆ 1,000 ಆರ್‌ಪಿಎಂ ಆಸುಪಾಸಿನಲ್ಲಿ, ಹಳೆಯ ಎಂಜಿನ್ 150 ನ್ಯೂಟನ್ ಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಮೊದಲ ಗೇರಿನ ಅನುಪಾತ 4, ಕ್ರೌನಿನದು 4.1 ಎಂದು ಹಿಡಿದರೆ 16.4 ಪಟ್ಟು, ಗೇರುಗಳ ಘರ್ಷಣೆಗೆ ನೂರಕ್ಕೆ 15 ಕಳೆದರೆ ಚಕ್ರಕ್ಕೆ ತಲುಪುವುದು 2,090. ಗಾಡಿ ಕದಲುವುದಿಲ್ಲ, ಕ್ಲಚ್ ಪ್ಲೇಟಿನ ವಾಸನೆ ಮಾತ್ರ ಬರುತ್ತದೆ. ಹೊಸ ಎಂಜಿನ್ ಹಾಕಿಸಿ, ಅದೇ ಆರ್‌ಪಿಎಂನಲ್ಲಿ ಅದು 200 ಕೊಟ್ಟಿತೆನ್ನಿ, ಆಗಲೂ 2,790. ಅದೂ ಸಾಲದು. ಹಳೆಯ ಎಂಜಿನ್ನಿಗೇ 2.5ರ ಲೋ ಗೇರ್ ಜೋಡಿಸಿದರೆ 5,200 ದಾಟುತ್ತದೆ. 140 ಎಂಬ ಅಂಕಿ ಎಂಜಿನ್ ಚುರುಕಾಗಿ ತಿರುಗುವಾಗಿನದು. ಗಾಡಿ ನಿಂತಲ್ಲಿಂದ ಏಳಬೇಕಾದಾಗ ಅದು ಬೆನ್ನಿಗೆ ಬರುವುದಿಲ್ಲ.

ಸಂಡೂರು ಏರು

ಮೇಷ್ಟ್ರೇ, ಲೆಕ್ಕಕ್ಕೆ ಕೈಮುಗಿದೆ. ಆದರೆ ನಾಲ್ಕಕ್ಕೊಂದು ಏರು ಇವರ ದಾರಿಯಲ್ಲಿ ವರ್ಷಕ್ಕೆಷ್ಟು ಸಲ ಸಿಕ್ಕೀತು? ಡಾಂಬರು ರಸ್ತೆಯಲ್ಲಿ ನೂರಕ್ಕೆ ನಾಲ್ಕರ ಏರಿನಲ್ಲಿ 80 ಕಿಲೋಮೀಟರ್ ವೇಗ ಹಿಡಿಯಲು ಏನು ಬೇಕೆಂಬುದನ್ನೂ ಲೆಕ್ಕ ಹಾಕಿ.

ಕೊಪ್ಪಳದ ಮೇಷ್ಟ್ರು

ಹಾಕಿದೆ, ನಿಮ್ಮ ಕಡೆಗೇ ವಾಲುತ್ತದೆ. ಏರೊಂದನ್ನು ಗೆಲ್ಲುವುದಕ್ಕೇ 35 ಕಿಲೋವಾಟ್, ಅಂದರೆ ಸುಮಾರು 47 ಅಶ್ವಶಕ್ತಿ. ಅದರ ಮೇಲೆ ಎತ್ತರದ ವ್ಯಾನಿಗೆ ಎದುರಾಗುವ ಗಾಳಿ, ಟೈರಿನ ಎಳೆತ, ಗೇರುಗಳ ಘರ್ಷಣೆ, ಎಸಿ. ಎಲ್ಲ ಕೂಡಿದರೆ ತೊಂಬತ್ತರ ಹತ್ತಿರ ಹೋಗುತ್ತದೆ. ಇವರ ಎಂಜಿನ್ ಅಲ್ಲಿ ಉಸಿರುಗಟ್ಟುವುದು ನಿಜ. ಆದರೆ 80ರ ಬದಲು 55ರಲ್ಲಿ ಹೋದರೆ ಊರು ತಲುಪಬಹುದು. ಕಲ್ಲಿನ ನಡುವೆ ನಿಂತ ಗಾಡಿಗೆ ಅಂಥ ರಿಯಾಯಿತಿ ಇಲ್ಲ.

ಲೇತ್ ಕೆಲಸದವ, ರಾಯಚೂರು

ಅಮೆರಿಕದ ಗಾಡಿಯ ವಿಷಯದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಅದು ಆಟೋಮ್ಯಾಟಿಕ್. ಅದರ ಟಾರ್ಕ್ ಕನ್ವರ್ಟರ್, ಗಾಡಿ ನಿಂತಲ್ಲಿಂದ ಹೊರಡುವಾಗ, ಎಂಜಿನ್ನಿನ ಟಾರ್ಕನ್ನು ಹೆಚ್ಚುಕಡಿಮೆ ಎರಡು ಪಟ್ಟಿಗೆ ಏರಿಸಿಕೊಡುತ್ತದೆ. ಐದು ಗೇರಿನ ಫೋರ್ಡ್ ಪೆಟ್ಟಿಗೆಯ ಮೊದಲ ಗೇರ್ 3.11, ಲೋ 2.72, ಕ್ರೌನ್ 4.10 ಎಂದರೆ ಒಟ್ಟು ಸುಮಾರು 34.7 ಆಗುತ್ತದೆ, ಅದರ ಮೇಲೆ ಕನ್ವರ್ಟರಿನ ಉಡುಗೊರೆ. ಆ ಅಣ್ಣನವರು ಎಂಜಿನ್ನಿನದೆಂದು ಹೊಗಳುತ್ತಿರುವ ಕಸುವಿನಲ್ಲಿ ಅರ್ಧ ಗೇರಿನದೇ.

ಅಲ್ಲಿಯೂ ಎಂಜಿನ್ ನೋಡಿಯೇ ಕ್ರೌನ್ ಆರಿಸುತ್ತಾರೆ. ವಿ-10 ಪೆಟ್ರೋಲ್ ತನ್ನ ಪೂರ್ತಿ ಟಾರ್ಕು ಕೊಡುವುದು 3,250 ಆರ್‌ಪಿಎಂ ಸುಮಾರಿಗೆ, ಆದ್ದರಿಂದ ಅದಕ್ಕೆ 4.10, ಟೈರ್ ದೊಡ್ಡದಾದರೆ 4.56. ಅದೇ ವ್ಯಾನಿನ 7.3 ಲೀಟರ್ ಡೀಸೆಲ್ ಅದರ ಅರ್ಧದಷ್ಟು ಆರ್‌ಪಿಎಂನಲ್ಲೇ ಎಳೆಯುತ್ತಿತ್ತು, ಅದಕ್ಕೆ 3.55 ಸಾಕಾಗುತ್ತಿತ್ತು. ನಮ್ಮದು ಡೀಸೆಲ್. ಪೆಟ್ರೋಲ್ ಗಾಡಿಯವರ ಅಂಕಿ ತಂದು ಇಲ್ಲಿ ಕೂರಿಸಿದರೆ ಹೆದ್ದಾರಿಯಲ್ಲಿ ಎಂಜಿನ್ ಅರಚುತ್ತದೆ.

ಎಡದಂಡೆ ರೈತ, ಸಿಂಧನೂರು

ದೊಡ್ಡವರೆಲ್ಲ ಕಲ್ಲು, ಡಾಂಬರು ಎನ್ನುತ್ತಿದ್ದೀರಿ. ಇವರು ಸಿಕ್ಕಿಬೀಳುವುದು ನಮ್ಮ ಎರೆ ಮಣ್ಣಿನಲ್ಲಿ. ಕಳೆದ ಮಳೆಗಾಲದಲ್ಲಿ ನಮ್ಮ ಹೊಲದ ದಾರಿಗೆ ಬಂದ ಫೋರ್ ವೀಲ್ ಜೀಪೊಂದರ ಚಾಲಕ ಲೋ ಒಂದನೇ ಗೇರು ಹಾಕಿ ನಿಧಾನವಾಗಿ ಬಿಟ್ಟ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಟೈರಿನ ಹಲ್ಲುಗಳು ಮುಚ್ಚಿ ಚಕ್ರ ರಾಗಿ ಮುದ್ದೆಯಂತೆ ನುಣ್ಣಗಾಯಿತು. ಇನ್ನು ಹತ್ತು ಮಾರಿಗೆ ಮಡ್‌ಗಾರ್ಡಿನ ಒಳಗೆ ಮಣ್ಣು ತುಂಬಿ ಗಟ್ಟಿಯಾಗಿ ಚಕ್ರವೇ ನಿಂತಿತು. ನಾನೂ ನನ್ನ ತಮ್ಮನೂ ಕುಡುಗೋಲಿನಿಂದ ಕೆರೆದು ತೆಗೆದ ಮಣ್ಣು ಎರಡು ಬುಟ್ಟಿಗಿಂತ ಹೆಚ್ಚಿತ್ತು. ಎರೆಯಲ್ಲಿ ಚಕ್ರ ಬೀಸಿ ತಿರುಗಬೇಕು, ಮೆತ್ತಿದ ಮಣ್ಣನ್ನು ತಾನೇ ಎಸೆಯಬೇಕು. ಅದಕ್ಕೆ ಬೇಕಾದದ್ದು ವೇಗ, ವೇಗಕ್ಕೆ ಶಕ್ತಿ. ಮೇಷ್ಟ್ರು ಇದಕ್ಕೇನು ಹೇಳುತ್ತಾರೆ?

ಕೊಪ್ಪಳದ ಮೇಷ್ಟ್ರು

ಒಪ್ಪಿದೆ, ಈ ಕೋನದಿಂದ ನಾನು ನೋಡಿರಲಿಲ್ಲ. ನಾನು ಮೇಲೆ ಹಿಡಿದ ಅನುಪಾತಗಳಲ್ಲೇ 2,000 ಆರ್‌ಪಿಎಂನಲ್ಲಿ ಲೋ ಒಂದರ ಚಕ್ರ ಗಂಟೆಗೆ ಏಳು ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ ತಿರುಗುತ್ತದೆ. ಲೋ ಮೂರರಲ್ಲಿ, ಮೂರನೇ ಗೇರು 1.4 ಎಂದರೆ, 19ರ ಸುಮಾರು. ಕೆಸರು ಗಾಡಿಯ ತೂಕದ ಕಾಲು ಭಾಗದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತಿದೆ ಎಂದು ಹಿಡಿದರೆ ಆ ವೇಗದಲ್ಲಿ ಚಕ್ರಗಳಿಗೇ 70 ಅಶ್ವಶಕ್ತಿ ಬೇಕು. ಇವರ ಎಂಜಿನ್ ಅದನ್ನು ಕೊಟ್ಟೀತು, ಆದರೆ ಏನೂ ಉಳಿಯುವುದಿಲ್ಲ. ಇನ್ನೊಂದು ತಮಾಷೆ ನೋಡಿ: ಲೋ ಮೂರರ ಒಟ್ಟು ಅನುಪಾತ 14.35, ಹೈ ಒಂದರದು, ಅಂದರೆ ಲೋ ಹಾಕದ ಒಂದನೇ ಗೇರಿನದು, 16.4. ಅಂದರೆ ಎರೆಯಲ್ಲಿ ಟ್ರಾನ್ಸ್‌ಫರ್ ಕೇಸಿನ ಲೋ ಇದ್ದೂ ಇಲ್ಲದಂತೆಯೇ. ಅಲ್ಲಿ ಉಪಯೋಗಕ್ಕೆ ಬರುವುದು ಮುಂದಿನ ಚಕ್ರದ ಎಳೆತ ಮತ್ತು ಎಡಬಲ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್.

ಎಡದಂಡೆ ರೈತ, ಸಿಂಧನೂರು

ಜೊತೆಗೆ ಟೈರಿನ ಹಲ್ಲು ಅಗಲವಾಗಿರಬೇಕು, ನೀರಿನ ಟ್ಯಾಂಕು ಖಾಲಿ ಇರಬೇಕು. ನೀರು ನಮ್ಮ ಕಾಲುವೆಯಲ್ಲೇ ಇದೆ.

ಮಣ್ಣುಪರೀಕ್ಷೆ, ಬಳ್ಳಾರಿ

ಟ್ಯಾಂಕಿನ ಮಾತು ಚುಚ್ಚಿದರೂ ಸರಿಯಾಗಿದೆ. ಅದೊಂದೇ 300 ಲೀಟರ್. ಟೈರಿನ ಬಗ್ಗೆ ಕೇಳುತ್ತೇನೆ. ಈಗಿರುವುದು 215/75 ಆರ್15. ಬಂಧುವಿನ ಗಾಡಿಯಂತೆ 33 ಅಂಗುಲದ್ದು ಹಾಕಿಸುವ ಆಸೆ ನಮ್ಮ ಚಾಲಕನಿಗಿದೆ.

ಲೇತ್ ಕೆಲಸದವ, ರಾಯಚೂರು

ಆ ಆಸೆಗೆ ಬೆಲೆ ಕಟ್ಟಿ ನೋಡಿ. ಈಗಿನ ಟೈರಿನ ವ್ಯಾಸ ಸುಮಾರು 703 ಮಿಲಿಮೀಟರ್, 33 ಅಂಗುಲವೆಂದರೆ 838. ನೂರಕ್ಕೆ 19 ಹೆಚ್ಚು. ಕ್ರೌನ್ 4.1 ಇದ್ದದ್ದು 3.44 ಇದ್ದಂತೆ ಆಗಿಬಿಡುತ್ತದೆ. ಇದ್ದ ಎಳೆತವನ್ನು ಮತ್ತೆ ಪಡೆಯಲು 4.88 ಬೇಕು, ಅದೂ ಹಿಂದೆ ಮುಂದೆ ಎರಡಕ್ಕೂ. 245/70 ಆರ್16 ಹಾಕಿದರೆ ವ್ಯಾಸ 749, ವ್ಯತ್ಯಾಸ ಆರೂವರೆ. ಕ್ರೌನ್ ಮುಟ್ಟದೆಯೇ ನಡೆಯುತ್ತದೆ. ಶಕ್ತಿ ಕಡಿಮೆ ಇರುವ ಗಾಡಿಗೆ ಟೈರ್ ಚಿಕ್ಕದಿರುವುದೇ ಸೋವಿಯ ಗೇರು.

ಎಂಜಿನ್ನಿಗಿಂತ ಹೆಚ್ಚಾಗಿ ನನಗೆ ಭಯವಿರುವುದು ಹೊಂದಾಣಿಕೆಯ ಬಗ್ಗೆ. ಹಿಂದಿನ ಹೌಸಿಂಗಿನ ಅನುಪಾತ ಒಂದು, ಮುಂದಿನದು ಇನ್ನೊಂದು ಇದ್ದರೆ, ನಾಲ್ಕು ಚಕ್ರಕ್ಕೂ ಎಳೆತ ಹಾಕಿದೊಡನೆ ಎರಡೂ ಒಂದನ್ನೊಂದು ಜಗ್ಗಿ ಹೌಸಿಂಗಿಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲು (ಕ್ರಾಸ್) ಕತ್ತರಿಸುತ್ತದೆ, ಇಲ್ಲವೇ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಖರೀದಿಗೆ ಮುಂಚೆ ಎಣಿಸಿ. ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿ, ಮತ್ತೊಂದು ನೆಲದ ಮೇಲಿರಲಿ, ಗೇರು ನ್ಯೂಟ್ರಲ್ ಇರಲಿ, ಇತರ ಚಕ್ರಗಳಿಗೆ ಕಲ್ಲು ಕೊಟ್ಟಿರಲಿ. ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತಿತೋ ಅದೇ ಕ್ರೌನ್ ಅನುಪಾತ. ಬಿಡಿಯಾಗಿ ಸಿಗುವ ಹೌಸಿಂಗ್ ಆದರೆ ಎರಡೂ ಕಡೆಯನ್ನು ಒಟ್ಟಿಗೆ ಒಂದೊಂದು ಸುತ್ತು ತಿರುಗಿಸಿದರೆ ಸಾಕು.

ಸಂಡೂರು ಏರು

ಕಾಗದದ ವಿಷಯವನ್ನು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಹೇಳಿದೆ. ಎಂಜಿನ್ನಾಗಲಿ ಹೌಸಿಂಗಾಗಲಿ, ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಆರ್‌ಸಿಗೆ ಹೊಂದದ ಗಾಡಿ ಅಪಘಾತಕ್ಕೀಡಾದರೆ ವಿಮೆಯವರು ಮೊದಲು ನೋಡುವುದು ಅದನ್ನೇ. ಶಕ್ತಿಯ ವಿಷಯದಲ್ಲಿ ನನ್ನ ಮಾತು ನಾನು ಬಿಟ್ಟಿಲ್ಲ, ಆದರೆ ಇದ್ದ ದುಡ್ಡಿನಲ್ಲಿ ಒಂದೇ ಎನ್ನುವುದಾದರೆ ಟ್ರಾನ್ಸ್‌ಫರ್ ಕೇಸಿಗೆ ಹಾಕಿ, ರೇಡಿಯೇಟರ್ ಮಾತ್ರ ಮರೆಯಬೇಡಿ. ಮೇ ತಿಂಗಳ ರಾಯಚೂರಿನಲ್ಲಿ ಲೋ ಗೇರಿನಲ್ಲಿ ಅರ್ಧ ಗಂಟೆ ದುಡಿಯುವ ಎಂಜಿನ್ನಿಗೆ ಎದುರುಗಾಳಿ ಎಂಬುದೇ ಇರುವುದಿಲ್ಲ, ಫ್ಯಾನೊಂದೇ ದಿಕ್ಕು.

ಮಣ್ಣುಪರೀಕ್ಷೆ, ಬಳ್ಳಾರಿ

ಇವತ್ತು ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಕೂತೆವು. ನಮ್ಮ ಹಿಂದಿನ ಹೌಸಿಂಗಿನಲ್ಲಿ ಶಾಫ್ಟ್ ನಾಲ್ಕು ಸುತ್ತು ಮುಗಿಸಿ ಐದನೆಯದರ ಹತ್ತನೇ ಒಂದು ಭಾಗದಷ್ಟು ಮುಂದೆ ಹೋಯಿತು. ಮಧ್ಯಾಹ್ನ ಗುಜರಿಯಲ್ಲಿ ನೋಡಿಟ್ಟಿದ್ದ ಮುಂದಿನ ಹೌಸಿಂಗನ್ನೂ ಎಣಿಸಿದೆವು. ಅದು ಯಾವ ಗಾಡಿಯದೆಂದು ಮಾರುವವರಿಗೇ ಖಚಿತವಿರಲಿಲ್ಲ. ಅನುಪಾತ ನಾಲ್ಕೂವರೆ ದಾಟಿತು. "ಹತ್ತಿರ ಹತ್ತಿರ ಇದೆಯಲ್ಲ ಸಾಹೇಬರೇ" ಎಂದು ಅವರು ಹೇಳಿದರು. ಮುಂಗಡ ಕೊಡದೆ ಬಂದೆವು. ನೀರಿನ ಟ್ಯಾಂಕನ್ನಂತೂ ಸಂಜೆಯೇ ಇಳಿಸಿದ್ದೇವೆ.