ಹಳೇ ಕಂಪನಿ ಸ್ಟೇ ತರ್ತೀವಿ ಅಂತಿದೆ, ಹೊಸ ಕೆಲಸ ಬಿಡಬೇಕಾ?

ಪ್ರಶ್ನೆ: ಮೇಡಂ, ಪೀಣ್ಯದ ಒಂದು ಮಷೀನ್ ಟೂಲ್ಸ್ ಕಂಪನಿಯಲ್ಲಿ 6 ವರ್ಷ ಸೇಲ್ಸ್ ಇಂಜಿನಿಯರ್ ಆಗಿದ್ದೆ. ನೋಟಿಸ್ ಪೀರಿಯಡ್ ಪೂರ್ತಿ ಮುಗಿಸಿ, ರಿಲೀವಿಂಗ್ ಲೆಟರ್ ತಗೊಂಡೇ ಹೊರಗೆ ಬಂದೆ. ಅದೇ ಲೈನಿನ ಬೇರೆ ಕಂಪನಿ ಸೇರಿ ಮೂರು ವಾರ ಆಯ್ತು. ನಿನ್ನೆ ಹಳೇ ಕಂಪನಿಯ ವಕೀಲರ ನೋಟಿಸ್ ಬಂದಿದೆ. ಅಪಾಯಿಂಟ್‌ಮೆಂಟ್ ಲೆಟರ್ ಪ್ರಕಾರ ಎರಡು ವರ್ಷ ಪೈಪೋಟಿ ಕಂಪನಿ ಸೇರುವ ಹಾಗಿಲ್ಲವಂತೆ. 7 ದಿನದಲ್ಲಿ ಕೆಲಸ ಬಿಡದಿದ್ದರೆ ತುರ್ತಾಗಿ ಸ್ಟೇ ತರ್ತಾರಂತೆ. ಸಹಿ ಹಾಕಿದ್ದಂತೂ ನಿಜ. ಏನು ಮಾಡಲಿ?

ವಕೀಲೆ: ಮೊದಲು ಗಾಬರಿಯಲ್ಲಿ ರಾಜೀನಾಮೆ ಬರೆಯಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಇದೆ. ಯಾರನ್ನೇ ಆಗಲಿ ಕಾನೂನಿಗೆ ಒಪ್ಪುವ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ ಅನ್ನುತ್ತೆ ಅದು. ಎರಡು ವರ್ಷ ಜಾಸ್ತಿಯೋ ಕಮ್ಮಿಯೋ ಅನ್ನೋ ಚೌಕಾಸಿಯೇ ಇಲ್ಲ. ವ್ಯಾಪಾರವನ್ನು ಗುಡ್‌ವಿಲ್ (ಅಂದರೆ ಅದರ ಹೆಸರು, ಗಿರಾಕಿಗಳ ನಂಬಿಕೆ) ಸಮೇತ ಮಾರಿದವರಿಗೆ ಬೇರೆ ಲೆಕ್ಕ. ನೀವು ಸಂಬಳಕ್ಕಿದ್ದವರು.

ನೋಟಿಸ್‌ನಲ್ಲಿ 1967ರ ಗೋಲಿಕರಿ ಕೇಸ್ ಇದೆಯಾ ನೋಡಿ, ಸಾಮಾನ್ಯವಾಗಿ ಹಾಕ್ತಾರೆ. ಅದರಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಪರ ನಿಂತಿದ್ದು ಹೌದು. ಆದರೆ ಗೋಲಿಕರಿ ಅನ್ನೋ ಆ ನೌಕರ 5 ವರ್ಷದ ಕರಾರನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದ. ಅವಧಿ ಇನ್ನೂ ಓಡ್ತಾ ಇತ್ತು. ನಿಮ್ಮದು ಮುಗಿದಿದೆ, ರಿಲೀವಿಂಗ್ ಲೆಟರೂ ಕೈಯಲ್ಲಿದೆ. 2025ರ ವಿಜಯಾ ಬ್ಯಾಂಕ್ ತೀರ್ಪನ್ನೂ ತೋರಿಸಿ ಹೆದರಿಸಬಹುದು. ಅದು 3 ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋ ಬಾಂಡ್ ವಿಷಯ. ಬೇರೆ ಕಡೆ ಕೆಲಸ ಮಾಡಬೇಡ ಅಂದಿದ್ದಲ್ಲ.

ಈಗ ಮಾಡಬೇಕಾದ್ದು ಕೇವಿಯಟ್. ನಿಮ್ಮ ಮಾತು ಕೇಳದೆ ಕೋರ್ಟ್ ಸ್ಟೇ ಕೊಡಬಾರದು ಅಂತ ಮುಂಚೆಯೇ ಹಾಕೋ ಅರ್ಜಿ ಅದು. 90 ದಿನ ನಡೆಯುತ್ತೆ. ಆದರೆ ಕರಾರಿನಲ್ಲಿ ಯಾವ ಊರಿನ ಕೋರ್ಟ್ ಅಂತ ಬರೆದಿದೆ ಓದಿ. ಚೆನ್ನೈ ಅಂತಿದ್ದು ನೀವು ಇಲ್ಲಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಹಾಕಿದ್ರೆ ಸುಮ್ನೆ ದಂಡ. ಅಕಸ್ಮಾತ್ ನಿಮ್ಮನ್ನು ಕೇಳದೆ ಏಕಪಕ್ಷೀಯ ಆದೇಶ ಆದರೂ ಕಥೆ ಮುಗಿಯಲ್ಲ. ಅದನ್ನು ತೆರವು ಮಾಡಿ ಅಂತ ಅರ್ಜಿ ಹಾಕಬಹುದು. ಕೋರ್ಟೂ 30 ದಿನದೊಳಗೆ ಎರಡೂ ಕಡೆ ಕೇಳಿ ತೀರ್ಮಾನಿಸಲು ಯತ್ನಿಸಬೇಕು.

ಒಂದು ಮಾತು ನೇರವಾಗಿ ಕೇಳ್ತೀನಿ. ಕೊನೆಯ ವಾರದಲ್ಲಿ ಆಫೀಸಿನಿಂದ ಏನಾದರೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದೀರಾ?

ಪ್ರಶ್ನೆ ಕೇಳಿದವರು: ಒಂದು ಎಕ್ಸೆಲ್ ಶೀಟ್ ಇದೆ ಮೇಡಂ. ಯಾವ ಗಿರಾಕಿಗೆ ಎಷ್ಟು ಡಿಸ್ಕೌಂಟ್ ಅನ್ನೋದು. ನಾನೇ ಕೂತು ಮಾಡಿದ್ದು. ಈಗಲೇ ಡಿಲೀಟ್ ಮಾಡಿಬಿಡಲಾ?

ವಕೀಲೆ: ಖಂಡಿತಾ ಬೇಡ! ನೀವು ಕಳಿಸಿದ ಗುರುತು ಅವರ ಸರ್ವರ್‌ನಲ್ಲಿ ಇರುತ್ತೆ. ಈಗ ಅಳಿಸಿದ್ರೆ ಕದ್ದಿದ್ದಲ್ಲದೆ ಸಾಕ್ಷಿಯನ್ನೂ ಮುಚ್ಚಿಟ್ಟ ಅಂತಾರೆ. ಇಲ್ಲಿ 27ನೇ ಕಲಂ ನಿಮ್ಮನ್ನು ಕಾಯಲ್ಲ. ನಿಮ್ಮ ಅನುಭವ, ಕೈಚಳಕ, ಗಿರಾಕಿಗಳ ಪರಿಚಯ ತಲೆಯಲ್ಲಿ ಇರೋವಷ್ಟು ನಿಮ್ಮದು. ಗುಟ್ಟಾಗಿಟ್ಟ ದರಪಟ್ಟಿ, ನೀವೇ ಟೈಪ್ ಮಾಡಿದ್ದರೂ, ಕಂಪನಿದು. ಅದನ್ನು ಬಳಸದಂತೆ ಕೋರ್ಟ್ ತಡೆಯಾಜ್ಞೆ ಕೊಡಬಹುದು, ಕೊಡುತ್ತೆ ಕೂಡ. ಇಂಥ ಕೇಸುಗಳಲ್ಲಿ ನನಗೆ ಭಯ ಆಗೋದು ಕರಾರು ನೋಡಿ ಅಲ್ಲ, ಇಂಥ ಶೀಟ್ ನೋಡಿ.

ಆ ಫೈಲ್ ತೆರೆಯಬೇಡಿ, ಯಾರಿಗೂ ಕಳಿಸಬೇಡಿ, ಹೊಸ ಬಾಸ್‌ಗೂ ತೋರಿಸಬೇಡಿ. ನಿಮ್ಮ ವಕೀಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಬಳಸಿಲ್ಲ, ವಾಪಸ್ ಕೊಡ್ತೀನಿ ಅಂತ ನೋಟಿಸಿಗೆ ಅವರ ಮೂಲಕವೇ ಉತ್ತರ ಹೋಗಲಿ. ಒಂದು ಕೊಟೇಶನ್‌ಗಾದರೂ ಬಳಸಿದ್ದರೆ ಅದನ್ನೂ ಹೇಳಿ, ಆಗ ಉತ್ತರದ ಧಾಟಿಯೇ ಬೇರೆ.

ಇನ್ನೊಬ್ಬರು: ಮೇಡಂ, ನಾನು ಹಾಸನದವನು, ಈಗ ಜೋಹಾನ್ಸ್‌ಬರ್ಗ್‌ನಲ್ಲಿದ್ದೇನೆ. ಇಲ್ಲೂ ಇಷ್ಟೇ ಧೈರ್ಯವಾಗಿ ಇರಬಹುದಾ?

ವಕೀಲೆ: ಇಲ್ಲ, ದಕ್ಷಿಣ ಆಫ್ರಿಕಾದಲ್ಲಿ ಲೆಕ್ಕ ಉಲ್ಟಾ. 1984ರ ಮ್ಯಾಗ್ನಾ ಅಲಾಯ್ಸ್ ತೀರ್ಪಿನ ನಂತರ ಇಂಥ ಕರಾರು ಊರ್ಜಿತ ಅಂತಲೇ ಶುರು. ಅದು ಅತಿಯಾಯ್ತು ಅಂತ ತೋರಿಸೋ ಹೊಣೆ ನಿಮ್ಮದು. ಕಂಪನಿಗಳು ತುರ್ತು ಅರ್ಜಿಯಲ್ಲೇ ಬರ್ತವೆ, ನಿಮ್ಮ ಅಫಿಡವಿಟ್‌ಗೆ ಸಿಗೋದು ಕೆಲವೇ ದಿನ. ಒಂದು ಸಣ್ಣ ಅನುಕೂಲ ಇದೆ: ವಿಷಯ ಗೊತ್ತಿದ್ದೂ ವಾರಗಟ್ಟಲೆ ಸುಮ್ನಿದ್ದು ಆಮೇಲೆ ತುರ್ತು ಅಂದರೆ, ಕೋರ್ಟ್ ಆ ಅರ್ಜಿಯನ್ನು ಪಟ್ಟಿಯಿಂದಲೇ ಕೈಬಿಡಬಹುದು. ಹಾಗಾಗಿ ನೀವು ಹೊಸ ಕೆಲಸದ ಬಗ್ಗೆ ಹಳೇ ಕಂಪನಿಗೆ ತಿಳಿಸಿದ ಮೇಲ್ ಇದ್ದರೆ ಜೋಪಾನವಾಗಿಡಿ. ಇವತ್ತೇ ಅಲ್ಲಿನ ವಕೀಲರನ್ನು ನೋಡಿ, ನನ್ನನ್ನಲ್ಲ.

ಪ್ರಶ್ನೆ ಕೇಳಿದವರು: ಕರಾರು ತೆಗೆದು ನೋಡಿದೆ ಮೇಡಂ, ಬೆಂಗಳೂರು ಅಂತಲೇ ಇದೆ. ನಾಳೆ ಬೆಳಿಗ್ಗೆ ಕೇವಿಯಟ್ ಹಾಕಿಸ್ತೀನಿ. ಶೀಟ್ ಮುಟ್ಟಿಲ್ಲ.